ಅಪ್ಪನ ಒಳ್ಳೆಯ ಕಿವಿ

ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಟೈಪಿಂಗ್ ಅಂಗಡಿಯಿದೆ. ಅರ್ಜಿ, ಅಫಿಡವಿಟ್, ವಂಶವೃಕ್ಷ, ಪಹಣಿ ತಿದ್ದುಪಡಿ, ಜೊತೆಗೆ ಜೆರಾಕ್ಸ್. ಇಪ್ಪತ್ತು ವರ್ಷಗಳಿಂದ ಬೇರೆಯವರ ಕಾಗದಗಳಲ್ಲಿನ ತಪ್ಪು ಹುಡುಕಿ ತಿದ್ದುವುದೇ ನನ್ನ ಕಸುಬು. ಹೆಸರಿನಲ್ಲಿ ಒಂದು ದೀರ್ಘ ಹೆಚ್ಚಾದರೂ ಎಂಥ ಫಜೀತಿಯಾಗುತ್ತದೆಂದು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೇನೆ. ಆದರೆ ನನ್ನ ಅಪ್ಪ ಸೈನ್ಯದಿಂದ ಬಿಡುಗಡೆಯಾಗಿ ಬಂದಾಗ ಅಲ್ಲಿಯವರು ಕೊಟ್ಟ ಸೇವಾ ದಾಖಲೆಯ ಪುಸ್ತಕವನ್ನು ಮಾತ್ರ ಒಂದು ಸಲವೂ ಬಿಚ್ಚಿ ಓದಿರಲಿಲ್ಲ. ಅದು ಊರಿನ ಮನೆಯ ಟ್ರಂಕಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ನುಸಿಗುಳಿಗೆಯ ವಾಸನೆಯಲ್ಲಿ ಭದ್ರವಾಗಿತ್ತು.

ಅಪ್ಪ ಫಿರಂಗಿ ದಳದಲ್ಲಿದ್ದವನು. ಹವಾಲ್ದಾರನಾಗಿ ನಿವೃತ್ತನಾಗಿ ಬಂದು ಬಾಗೂರಿನ ಹತ್ತಿರದ ನಮ್ಮೂರಿನಲ್ಲಿ ತೆಂಗು, ರಾಗಿ ನೋಡಿಕೊಂಡಿದ್ದಾನೆ. ಅವನ ಎಡಗಿವಿ ಕೇಳುವುದಿಲ್ಲ. ಅದು ಯುದ್ಧದಲ್ಲಿ ಹೋದದ್ದಲ್ಲ. ಮರಳುಗಾಡಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಅಪ್ಪ ಫಿರಂಗಿಯ ಬಲಕ್ಕೆ ನಿಂತಿದ್ದನಂತೆ. ಹಿಂದೆ ನಿಂತಿದ್ದ ಜೊತೆಗಾರ ಏನೋ ಹೇಳಿದ. ಅದನ್ನು ಕೇಳಿಸಿಕೊಳ್ಳಲೆಂದು ಅಪ್ಪ ಕಿವಿಯ ಹತ್ತಿ ತೆಗೆದ ಹೊತ್ತಿಗೆ ಸರಿಯಾಗಿ ಗುಂಡು ಹಾರಿತು. ಜೊತೆಗಾರ ಹೇಳಿದ್ದೇನೆಂದು ಅವತ್ತು ಅಪ್ಪನಿಗೆ ಕೇಳಿಸಲಿಲ್ಲ. ಆಮೇಲೆ ಆ ಕಿವಿಗೆ ಯಾವುದೂ ಕೇಳಿಸಲಿಲ್ಲ.

ಒಂದೇ ಕಿವಿಯಿದ್ದವರಿಗೆ ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದಿಲ್ಲ. ಎಲ್ಲವೂ ಒಳ್ಳೆಯ ಕಿವಿಯ ಕಡೆಯಿಂದಲೇ ಬಂದಂತೆ ಇರುತ್ತದೆ. ಮೊನ್ನೆ ಮೊನ್ನೆ, ಎರಡು ವರ್ಷದ ಕೆಳಗೆ, ತೋಟದ ದಾರಿಯಲ್ಲಿ ಎಡಗಡೆಯಿಂದ ಬಂದ ಟ್ರ್ಯಾಕ್ಟರು ಹಾರ್ನ್ ಮಾಡಿತು. ಅಪ್ಪ ಬಲಕ್ಕೆ ನೋಡಿ, ಮರ್ಯಾದೆಯಿಂದ ಎಡಕ್ಕೆ ಸರಿದು ದಾರಿ ಬಿಟ್ಟ. ಅಂದರೆ ಟ್ರ್ಯಾಕ್ಟರಿನ ಮುಂದಕ್ಕೇ ಹೋದ. ಡ್ರೈವರು ತಿರುಗಿಸಿಕೊಂಡು ರಾಗಿ ಹೊಲಕ್ಕೆ ನುಗ್ಗಿಸಿದ್ದರಿಂದ ಅಪ್ಪ ಉಳಿದ. ಅವತ್ತೇ ನಾನು ಹಟ ಹಿಡಿದೆ: ಹಾಸನದಲ್ಲಿ ಮಾಜಿ ಸೈನಿಕರಿಗೆಂದೇ ಕ್ಲಿನಿಕ್ಕಿದೆ, ಕಿವಿ ಮಿಷನ್ನು ಕೊಡುತ್ತಾರೆ, ಹೋಗೋಣ. ಅಪ್ಪ ಹತ್ತು ದಿನ ಒಪ್ಪಲಿಲ್ಲ. ಹನ್ನೊಂದನೆಯ ದಿನ ಶೂ ಪಾಲಿಷ್ ಮಾಡಿಕೊಂಡು ಕೂತಿದ್ದ.

ಕ್ಲಿನಿಕ್ಕಿನ ಕೌಂಟರಿನಲ್ಲಿದ್ದವರೂ ಮಾಜಿ ಸೈನಿಕರೇ, ಸುಬೇದಾರರು. ಕನ್ನಡಕದ ಮೇಲಿನಿಂದ ನೋಡುವ, ತುಂಬ ನಿಧಾನದ ಮನುಷ್ಯ. ಅಪ್ಪನ ಪುಸ್ತಕ ಬಿಡಿಸಿ, ಕಂಪ್ಯೂಟರು ನೋಡಿ, ಮತ್ತೆ ಪುಸ್ತಕ ನೋಡಿದರು.

"ಯಾವ್ ಕಿವಿ ಸಾ ಕೇಳ್ಸದು ನಿಮ್ಗೆ?"

"ಬಲಗಿವಿ ಕೇಳ್ತದೆ ಸಾ. ಎಡಗಿವಿ ಓಗಿರೋದು."

"ಇಲ್ಲ ಸಾ. ಬಲಗಿವಿ ಓಗಿರೋದು."

ಅಪ್ಪ ತನಗೇ ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಬಲಗಿವಿಯನ್ನು ಅವರತ್ತ ತಿರುಗಿಸಿ ಇನ್ನೊಮ್ಮೆ ಕೇಳಿದ. ಸುಬೇದಾರರು ಅದೇ ಬಲಗಿವಿಗೆ ಬಾಯಿ ಹತ್ತಿರ ತಂದು, ಅದು ಕೇಳಿಸುವುದಿಲ್ಲವೆಂದು ಮತ್ತೆ ಹೇಳಿದರು.

ನಾನು ಪುಸ್ತಕ ಇಸಿದುಕೊಂಡು ಓದಿದೆ. ನೀಲಿ ಶಾಯಿಯಲ್ಲಿ, ಮೂಲೆಯಲ್ಲಿ, ಬಲಗಿವಿ ಎಂದೇ ಬರೆದಿತ್ತು. ಮೂವತ್ತೈದಕ್ಕೂ ಹೆಚ್ಚು ವರ್ಷ ಅಪ್ಪನ ಪಿಂಚಣಿಯ ಜೊತೆಗೆ ಅಂಗವೈಕಲ್ಯದ ಪಾಲು ಬರುತ್ತಿದ್ದದ್ದು ಚೆನ್ನಾಗಿ ಕೇಳುವ ಕಿವಿಗೆ. ಕೇಳದ ಕಿವಿಗೆ ಸರ್ಕಾರದ ಲೆಕ್ಕದಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಕಿವಿ ಪರೀಕ್ಷೆ ಮಾಡಿದ ಡಾಕ್ಟರಿಗೆ ಇದು ಒಂದೇ ನಿಮಿಷದಲ್ಲಿ ಅರ್ಥವಾಯಿತು. ಅವರು ಎದ್ದು ಅಪ್ಪನ ಎದುರು ನಿಂತು ತೋರಿಸಿದರು. ಎದುರಿಗೆ ನಿಂತವರ ಎಡ ನಮ್ಮ ಬಲಗೈ ಕಡೆಗೆ ಬರುತ್ತದೆ. ಅವತ್ತು ಬರೆದ ಪುಣ್ಯಾತ್ಮರು ತಮ್ಮ ಬಲವನ್ನು ಬರೆದಿದ್ದಾರೆ, ಅಷ್ಟೇ. ನಮಗೂ ಅಷ್ಟೇ ಎನಿಸಿತು. ಹಿಂದಿರುಗಿ ಬಂದು ಸುಬೇದಾರರಿಗೆ ಹೇಳಿದರೆ ಅವರು ಕುರ್ಚಿ ಎಳೆದು ನಮ್ಮನ್ನು ಕೂರಿಸಿದರು. ಬಲಗಿವಿ ತಪ್ಪು ಎಂದು ಬರೆದುಕೊಟ್ಟರೆ ಬಲಗಿವಿಯ ಅಂಗವೈಕಲ್ಯ ರದ್ದಾಗುತ್ತದೆ. ಎಡಗಿವಿ ಸೈನ್ಯದಲ್ಲೇ ಹೋಯಿತೆಂದು ಹೊಸದಾಗಿ ತೋರಿಸಬೇಕು. ಅದಕ್ಕೆ ಅವತ್ತು ಫಿರಂಗಿಯ ಪಕ್ಕದಲ್ಲಿದ್ದವರ ಸಾಕ್ಷಿ ಬೇಕು. ಇಷ್ಟನ್ನೂ ಸಮಾಧಾನವಾಗಿ ಹೇಳಿ, ಕೊನೆಗೆ ಧ್ವನಿ ತಗ್ಗಿಸಿದರು.

"ಬಲಗಿವಿಗೆ ಮಿಷನ್ ಈಗ್ಲೇ ಮಂಜೂರಾಯ್ತದೆ ಸಾ. ತಗಂಡ್ಬುಡಿ. ಕಿವಿ ಕಿವಿನೇ ಅಲ್ವ."

ಅಪ್ಪ ನನ್ನ ಮುಖ ನೋಡಿದ. ಸೈನ್ಯದಲ್ಲಿ ಕೊಟ್ಟದ್ದನ್ನು ಬೇಡವೆಂದು ಅವನಿಗೆ ಹೇಳಿ ಅಭ್ಯಾಸವಿಲ್ಲ. ಎರಡು ವಾರದಲ್ಲಿ ಬಲಗಿವಿಯ ಅಚ್ಚು ತೆಗೆದು, ಅದಕ್ಕೆ ಸರಿಯಾಗಿ ಮಿಷನ್ನು ಮಾಡಿ, ಚೆನ್ನಾಗಿ ಕೇಳುವ ಕಿವಿಗೆ ಅದನ್ನು ಸಿಕ್ಕಿಸಿ ಕಳಿಸಿದರು.

ಅವತ್ತು ಚನ್ನರಾಯಪಟ್ಟಣದ ಬಸ್ಸಿನಲ್ಲಿ ಅಪ್ಪ ಸೀಟಿನ ಕಂಬಿ ಹಿಡಿದು ನೆಟ್ಟಗೆ ಕೂತಿದ್ದ. ಕಂಡಕ್ಟರ್ ಚೀಲದೊಳಗಿನ ಚಿಲ್ಲರೆ, ಯಾರದೋ ಬಳೆ, ಹಿಂದಿನ ಸೀಟಿನವರು ಕಡಲೆಕಾಯಿ ಬಿಡಿಸುವುದು, ಎಲ್ಲವೂ ಅವನ ತಲೆಯೊಳಗೇ ನಡೆಯುತ್ತಿತ್ತಂತೆ. ಮೂರು ಸೀಟು ಮುಂದೆ ಇಬ್ಬರು ಬೂವನಹಳ್ಳಿಯಲ್ಲಿ ಕಟ್ಟುತ್ತಿರುವ ವಿಮಾನ ನಿಲ್ದಾಣದ ಹತ್ತಿರದ ಯಾವುದೋ ಸೈಟಿನ ವಿಷಯವನ್ನು ಕಿವಿ ಕಚ್ಚಿಕೊಂಡು ಮಾತಾಡುತ್ತಿದ್ದರು. ಅಪ್ಪ ಕೂತಲ್ಲಿಂದಲೇ ಗಟ್ಟಿಯಾಗಿ, ಅದು ಕೆರೆಯ ಅಂಗಳ ಕಣ್ರಪ್ಪ, ತಗೋಬೇಡಿ ಎಂದುಬಿಟ್ಟ. ಅವರಿಬ್ಬರೂ ಹೆದರಿ ಮುಂದಿನ ಸ್ಟಾಪಿನಲ್ಲಿ ಇಳಿದುಹೋದರು. ವಿಮಾನ ಶುರುವಾದರೆ ಈ ಮಿಷನ್ನು ಹಾಕಿಕೊಂಡು ಇಲ್ಲಿ ತಿರುಗಾಡುವುದು ಕಷ್ಟ ಎಂದು ಅಪ್ಪ ನನಗೆ ಹೇಳಿದ.

ಮನೆಯಲ್ಲಿ ಆದದ್ದು ಬೇರೆ. ನಮ್ಮವ್ವ ಸಂಜೆ ಹೊತ್ತು ಜಗಲಿಯಲ್ಲಿ ಅಪ್ಪನ ಎಡಕ್ಕೇ ಕೂರುತ್ತಾಳೆ. ನನಗೆ ತಿಳಿವಳಿಕೆ ಬಂದಾಗಿನಿಂದ ಹಾಗೆಯೇ. ಅವರೆಕಾಯಿ ಸುಲಿಯುತ್ತಲೋ ಅಕ್ಕಿ ಹಸನು ಮಾಡುತ್ತಲೋ ತನ್ನಷ್ಟಕ್ಕೆ ಏನೋ ಗೊಣಗುತ್ತಿರುತ್ತಾಳೆ. ಅದು ಅವಳ ಸ್ವಭಾವವೆಂದು ನಾವೆಲ್ಲ ತಿಳಿದಿದ್ದೆವು. ಮಿಷನ್ನು ಬಂದ ಮೂರನೆಯ ದಿನ ಅಪ್ಪ ನನಗೆ ಫೋನು ಮಾಡಿದ. ಅವನು ಫೋನು ಮಾಡುವವನಲ್ಲ.

"ನಿಮ್ಮವ್ವ ಗೊಣಗಾದಲ್ಲ ಕಣವ್ವ," ಎಂದ. "ಮಾತಾಡ್ತಾಳೆ. ನಂಜೊತೇಲೇ ಮಾತಾಡ್ತಾಳೆ."

ಅಪ್ಪ ದೂರದ ಗಡಿಗಳಲ್ಲಿದ್ದ ವರ್ಷಗಳಲ್ಲಿ ಮನೆಯಲ್ಲಿ ನಡೆದದ್ದನ್ನೆಲ್ಲ ಅವ್ವ ಅವನಿಗೆ ವರದಿ ಒಪ್ಪಿಸುತ್ತಿದ್ದಳು. ಯಾರು ಬದುವು ಒತ್ತಿಕೊಂಡರು, ಯಾವ ಹಸು ಯಾವಾಗ ಈಯಿತು, ಅತ್ತೆ ಯಾವ ಹಬ್ಬದಲ್ಲಿ ಏನಂದಳು, ಅಪ್ಪನ ಕಾಗದವನ್ನು ಪೋಸ್ಟಿನವನು ಓದಿ ಹೇಳುವಾಗ ತನ್ನ ಕಡೆಯಿಂದ ಎರಡು ಸಾಲು ಸೇರಿಸುತ್ತಿದ್ದದ್ದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತು, ಇಂಥವು. ಅಪ್ಪ ಕೇಳಿಸಿಕೊಂಡ ಆ ಸಂಜೆ, ನನಗೆ ಮೂರು ವರ್ಷವಿದ್ದಾಗ ಜ್ವರ ಏರಿ, ಅವಳು ನನ್ನನ್ನು ಎತ್ತಿಕೊಂಡು ಚನ್ನರಾಯಪಟ್ಟಣದ ತನಕ ನಡೆದದ್ದನ್ನು ಹೇಳುತ್ತಿದ್ದಳಂತೆ. ಅರ್ಧ ದಾರಿಯಲ್ಲಿ ನಾನು ಸತ್ತೇಹೋದೆನೆಂದು ಒಂದು ಹುಣಸೆಮರದ ಕೆಳಗೆ ಕೂತಿದ್ದಳಂತೆ. ನನಗೂ ಅದು ಗೊತ್ತಿರಲಿಲ್ಲ.

ಅಪ್ಪ ತಿರುಗಿ, ಆಮೇಲೇನಾಯ್ತು ಎಂದು ಕೇಳಿಬಿಟ್ಟ. ಅವ್ವ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದಳು. ಅವತ್ತಿನಿಂದ ಜಗಲಿಗೆ ಬರುವುದನ್ನೇ ಬಿಟ್ಟಳು.

ಆ ಭಾನುವಾರ ನಾನು ಹೋದಾಗ ಅವಳು ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಅಪ್ಪನಿಗೆ ಕೇಳಿಸಿತಲ್ಲ, ಒಳ್ಳೆಯದೇ ಆಯಿತಲ್ಲ ಎಂದೆ.

"ಕೇಳ್ಸ್ಲಿ ಅಂತ ಏಳ್ತಿರ್ನಿಲ್ಲ ಕಣೆ," ಎಂದಳು. "ಏಳ್ಬೇಕಲ್ಲ ಅಂತ ಏಳ್ತಿದ್ದೆ."

ಅಪ್ಪ ಅದಕ್ಕೊಂದು ದಾರಿ ಹುಡುಕಿದ. ಸಂಜೆಯಾದೊಡನೆ ಎಲ್ಲರೂ ನೋಡುವ ಹಾಗೆ ಮಿಷನ್ನು ಕಳಚಿ, ಗೋಡೆಯ ಗೂಡಿನಲ್ಲಿ ಇಟ್ಟು, ಜಗಲಿಗೆ ಬಂದು ಕೂರತೊಡಗಿದ. ಒಂದು ವಾರ ಅವ್ವ ನಂಬಲಿಲ್ಲ. ಗೂಡಿಗೆ ಹೋಗಿ ಮಿಷನ್ನು ಅಲ್ಲಿದೆಯೇ ಎಂದು ಮುಟ್ಟಿ ನೋಡಿ ಬರುತ್ತಿದ್ದಳು. ಆಮೇಲೆ ಮೊರ ತಂದುಕೊಂಡು ಎಡಕ್ಕೆ ಕೂತಳು. ಹುಣಸೆಮರದ ಮುಂದಿನ ಕಥೆಯನ್ನು ಅವಳು ಹೇಳಿದಳೋ ಇಲ್ಲವೋ ಅಪ್ಪನಿಗೆ ಗೊತ್ತಾಗಲಿಲ್ಲ.

ಮೂರು ತಿಂಗಳಿಗೆ ಕ್ಲಿನಿಕ್ಕಿನವರು ಮರುಪರೀಕ್ಷೆಗೆ ಕರೆದರು. ಬಲಗಿವಿಯನ್ನು ಮಿಷನ್ನು ಹಾಕಿ, ತೆಗೆದು, ಎರಡು ಬಗೆಯಲ್ಲೂ ನೋಡಿದರು. ಎರಡರಲ್ಲೂ ಬಹಳ ಚೆನ್ನಾಗಿತ್ತು. ಅದಾಗಿ ಒಂದು ತಿಂಗಳಿಗೆ ದೂರದಲ್ಲಿರುವ ಸೈನ್ಯದ ದಾಖಲೆ ಕಚೇರಿಯಿಂದ ಇಂಗ್ಲಿಷಿನ ಕಾಗದ ಬಂತು. ಊರಿನ ಪೋಸ್ಟಿನವನೇ ಅದನ್ನು ಫೋಟೋ ತೆಗೆದು ನನ್ನ ಫೋನಿಗೆ ಕಳಿಸಿದ. ಅಪ್ಪನ ಬಲಗಿವಿ ಪೂರ್ತಿ ಗುಣವಾಗಿರುವುದನ್ನು ಗಮನಿಸಲಾಗಿದೆ. ಆದ್ದರಿಂದ ಅಂಗವೈಕಲ್ಯವನ್ನು ಮುಂದುವರಿಸಬೇಕೇ ಎಂದು ಪರಿಶೀಲಿಸಲಾಗುವುದು. ಆಕ್ಷೇಪವಿದ್ದರೆ ಹಾಸನದಲ್ಲಿ ನಡೆಯುವ ಮಾಜಿ ಸೈನಿಕರ ಶಿಬಿರದಲ್ಲಿ ವೈದ್ಯಾಧಿಕಾರಿಗಳ ಮುಂದೆ ಹಾಜರಾಗಬಹುದು ಎಂದಿತ್ತು.

ಅಪ್ಪನಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಆ ದಿನ ಬಂತು. ಹಣ ನಿಂತೀತೆಂದಲ್ಲ. ಕಿವಿ ಹೋದದ್ದೇ ಸುಳ್ಳು ಎಂದ ಹಾಗಾಯಿತಲ್ಲ ಎಂದು. ಕಾಗದ ಸರಿ ಮಾಡಿಸದೆ ತಾನು ಸಾಯುವುದಿಲ್ಲ ಎಂದ. ನಾನು ಸುಬೇದಾರರಿಗೆ ಫೋನು ಮಾಡಿದೆ. ಅವರು ಒಂದು ಅಫಿಡವಿಟ್ಟು, ಒಬ್ಬ ಸಾಕ್ಷಿ, ಎರಡೂ ಬೇಕೆಂದರು. ಅಫಿಡವಿಟ್ಟಿನಲ್ಲಿ ಎಡವೆಂದರೆ ಯಾರ ಎಡವೆಂದು ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ಮತ್ತೆ ಅದೇ ಕಥೆಯಾಗುತ್ತದೆ ಎಂದರು. ಆ ಮಾತು ಸರಿಯೇ ಎನಿಸಿ ನಾನು ಹೀಗೆ ಟೈಪು ಮಾಡಿದೆ: ನನ್ನ ಎಡಗಿವಿಯು ನನ್ನ ದೇಹದ ಎಡಭಾಗದಲ್ಲಿಯೇ ಇದ್ದು, ಹುಟ್ಟಿದಾಗಿನಿಂದ ಈವರೆಗೆ ಸ್ಥಳ ಬದಲಾಯಿಸಿರುವುದಿಲ್ಲ. ನೋಟರಿ ಅದನ್ನು ಓದಿ ನನ್ನನ್ನು ನೋಡಿದರು. ಇಪ್ಪತ್ತು ವರ್ಷದ ಪರಿಚಯ. ಸೀಲು ಒತ್ತಿದರು.

ಸಾಕ್ಷಿಯಾಗಬಲ್ಲವನು ಒಬ್ಬನೇ ಇದ್ದ. ಅವತ್ತು ಹಿಂದೆ ನಿಂತು ಏನೋ ಹೇಳಿದ ಆ ಜೊತೆಗಾರ. ಹಳ್ಳಿಮೈಸೂರಿನವನು. ಅಪ್ಪ, ನಾನು ಅವನ ಮನೆಗೆ ಹೋದರೆ ಬೀಗ. ಮಂಡಿನೋವಿನಿಂದ ಅರಕಲಗೂಡಿನಲ್ಲಿ ಮಗಳ ಮನೆಯಲ್ಲಿದ್ದಾನೆಂದು ಪಕ್ಕದವರು ಹೇಳಿದರು. ಅಲ್ಲಿಂದ ಅರಕಲಗೂಡಿಗೆ ಹೋದೆವು. ಅವನು ಹಜಾರದಲ್ಲಿ ಮರದ ಕುರ್ಚಿಯ ಮೇಲೆ, ಒಂದು ಮಂಡಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕೂತಿದ್ದ. ಅಪ್ಪನನ್ನು ಕಂಡು ಏಳಲು ಹೋಗಿ, ಆಗದೆ, ಕೂತಲ್ಲೇ ಸೆಲ್ಯೂಟು ಹೊಡೆದ. ಅಪ್ಪ ಹೋಗಿ ಅವನ ಹೆಗಲು ಹಿಡಿದುಕೊಂಡ. ನಾನು ಬೀದಿಯ ಕಡೆ ನೋಡುತ್ತಿದ್ದೆ.

ಕಾಫಿ ಆದಮೇಲೆ ಅಪ್ಪ ಮೊದಲು ಕೇಳಿದ್ದು ಸಾಕ್ಷಿಯ ವಿಷಯವಲ್ಲ.

"ಅವತ್ತು ನೀನು ಏನ್ಲಾ ಅಂದಿದ್ದು ನಂಗೆ?"

ಅವನು ಯೋಚನೆ ಮಾಡಿದ. ಮರೆತಿರುತ್ತಾನೆಂದು ನಾನು ಅಂದುಕೊಂಡೆ.

"ಕಿವೀಲಿ ಅತ್ತಿ ಬಿಗಿಯಾಗಿಟ್ಕಳಲಾ ಅಂದೆ ಕಣ್ಲಾ," ಎಂದ.

ಅಪ್ಪ ತಲೆಯಾಡಿಸಿದ. ಆಗ ಇಬ್ಬರೂ ನಗಲಿಲ್ಲ. ಆಮೇಲೆ ಅಪ್ಪನಿಗೆ ನಗು ಶುರುವಾಗಿ, ಅದು ಅವನಿಗೂ ಹತ್ತಿ, ಒಳಗಿನಿಂದ ಮಗಳು ಓಡಿಬಂದು ಏನಾಯಿತೆಂದು ನೋಡುವ ಹಾಗಾಯಿತು.

ನಮ್ಮ ಕಥೆಯನ್ನು ಕೇಳಿದ ಮೇಲೆ ಅವನು ತನ್ನ ಮಂಡಿಯ ಕಡೆ ಕೈ ತೋರಿಸಿದ. ಅವನು ಟ್ರಕ್ಕಿನಿಂದ ಬಿದ್ದು ಬಲ ಮಂಡಿ ಮುರಿದುಕೊಂಡವನು. ಬರೆದ ಡಾಕ್ಟರು ಅದೇ ಪುಣ್ಯಾತ್ಮರು. ಪುಸ್ತಕದಲ್ಲಿರುವುದು ಎಡ ಮಂಡಿ. ಹಾಗಾಗಿ ಆರು ವರ್ಷದಿಂದ ಅವನ ಎಡ ಮಂಡಿಗೆ ಕಾವು, ಕರೆಂಟು, ವ್ಯಾಯಾಮ, ಎಣ್ಣೆ ಎಲ್ಲವೂ ಸಿಗುತ್ತಿತ್ತು. ಕಟ್ಟಿಕೊಂಡಿದ್ದ ಚೀಲವೂ ಎಡ ಮಂಡಿಗೇ ಇತ್ತು. ಮನೆಯಲ್ಲಿ ಕೂತು ಅದನ್ನು ನೋವಿರುವ ಮಂಡಿಗೆ ಕಟ್ಟಬಾರದೇ ಎಂದು ನಾನು ಕೇಳಿದೆ.

"ಬರ್ದಿರೋದು ಎಡಕ್ಕಲ್ವೇನವ್ವ," ಎಂದ. ಆಮೇಲೆ ಸ್ವಲ್ಪ ಹೆಮ್ಮೆಯಿಂದ, "ಎಡ ಮಂಡಿ ಮಾತ್ರ ಈಗ ಬಾಳ ಚೆನ್ನಾಗದೆ."

ಅಪ್ಪನಿಗೆ ಅವನು, ಅವನಿಗೆ ಅಪ್ಪ ಸಾಕ್ಷಿ ಎಂದು ತೀರ್ಮಾನವಾಯಿತು. ಇಬ್ಬರ ಸಾಕ್ಷಿಯ ಅಫಿಡವಿಟ್ಟನ್ನೂ ನಾನೇ ಬರೆದೆ.

ಶಿಬಿರ ನಡೆದದ್ದು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು. ಹೂವಿನ ಕಮಾನು ಇನ್ನೂ ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ ಗಂಡು ಹೆಣ್ಣಿಗೆಂದು ಇಟ್ಟಿದ್ದ, ಸಿಂಹದ ಕೈಗಳಿದ್ದ ಎರಡು ಕೆಂಪು ಕುರ್ಚಿಗಳ ಪೈಕಿ ಒಂದರಲ್ಲಿ ವೈದ್ಯಾಧಿಕಾರಿ ಕೂತಿದ್ದರು. ಸಮವಸ್ತ್ರದಲ್ಲಿದ್ದ ಹೆಣ್ಣುಮಗಳು, ನನಗಿಂತ ಚಿಕ್ಕವರು. ಪಕ್ಕದ ಕುರ್ಚಿಯಲ್ಲಿ ರೋಗಿ ಕೂರಬೇಕು. ಸಭಾಂಗಣದ ತುಂಬ ಬಿಳಿ ಮೀಸೆಗಳು, ಎಲ್ಲರ ತೊಡೆಯ ಮೇಲೂ ಒಂದೊಂದು ಪ್ಲಾಸ್ಟಿಕ್ ಕವರು. ಒಬ್ಬೊಬ್ಬರೇ ಮೆಟ್ಟಿಲು ಹತ್ತಿ, ಮದುಮಗಳ ಪಕ್ಕದಲ್ಲಿ ಕೂತಂತೆ ಸಂಕೋಚದಿಂದ ಕೂತು, ತಮ್ಮ ಸಕ್ಕರೆ, ಸೊಂಟ, ಪೊರೆ ಬಂದ ಕಣ್ಣುಗಳ ವಿಷಯ ಹೇಳಿ ಇಳಿಯುತ್ತಿದ್ದರು. ಮಂಟಪದವನು ಅಭ್ಯಾಸಬಲದಿಂದಲೋ ಏನೋ ಇಳಿದವರಿಗೆಲ್ಲ ತೆಂಗಿನಕಾಯಿಯ ಚೀಲ ಕೊಡುತ್ತಿದ್ದ, ಮದುವೆಯಲ್ಲಿ ಉಳಿದವಂತೆ.

ಅಪ್ಪ, ಅವನ ಜೊತೆಗಾರ ಇಬ್ಬರೂ ಒಟ್ಟಿಗೇ ಹತ್ತಿದರು. ನಾನೂ ಹೋದೆ. ವೈದ್ಯಾಧಿಕಾರಿ ಎರಡೂ ಪುಸ್ತಕ ಓದಿದರು, ನನ್ನ ಅಫಿಡವಿಟ್ಟುಗಳನ್ನು ಓದಿದರು, ಸ್ಥಳ ಬದಲಾಯಿಸಿರುವುದಿಲ್ಲ ಎಂಬಲ್ಲಿಗೆ ಬಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಎದ್ದು ನಿಂತು, ಇಬ್ಬರಿಗೂ ಕವಾಯತಿನ ಹಿಂದಿಯಲ್ಲಿ ಎಡಗೈ ಎತ್ತಲು ಹೇಳಿದರು. ಇಬ್ಬರೂ ಕವಾಯತಿನ ಸಾವಧಾನ್ ಭಂಗಿಯಲ್ಲಿ ನೆಟ್ಟಗೆ ನಿಂತು ಎಡಗೈ ಎತ್ತಿದರು. ಎದುರಿಗೆ ನಿಂತ ಅವರು ತಮ್ಮ ಬಲಗೈ ಎತ್ತಿ, ಅದು ಸರಿಯಾಗಿ ಎದುರುಬದುರಾಗುವುದನ್ನು ನೋಡಿದರು. ಮೂವರೂ ಕೈ ಎತ್ತಿ ನಿಂತದ್ದನ್ನು ಕಂಡು ಕೆಳಗಿದ್ದವರಲ್ಲಿ ಕೆಲವರು ಏನೋ ಪ್ರತಿಜ್ಞೆ ಇರಬೇಕೆಂದು ತಾವೂ ಎದ್ದು ಕೈ ಎತ್ತಿದರು.

ತಪ್ಪು ಆದದ್ದು ಹೇಗೆಂದು ತಮಗೆ ಪೂರ್ತಿ ತಿಳಿಯಿತು, ಆದರೆ ಬಲವನ್ನು ಎಡವೆಂದು ತಿದ್ದುವ ಅಧಿಕಾರ ತಮಗಿಲ್ಲ ಎಂದು ಅವರು ಹೇಳಿದರು. ನಾನು ಪುಸ್ತಕಗಳನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಆದರೆ ಇದ್ದದ್ದಕ್ಕೆ ಸೇರಿಸುವ ಅಧಿಕಾರವಿದೆ ಎಂದರು. ಪೆನ್ನು ತೆಗೆದು ಅಪ್ಪನ ಪುಸ್ತಕದಲ್ಲಿ, ಎಡಗಿವಿ ಸೇವೆಯಲ್ಲೇ ಹೋದದ್ದು, ವಯಸ್ಸಿನ ದೆಸೆಯಿಂದ ಬಲಗಿವಿಯೂ ತುಸು ಮಂದ, ಹೀಗೆ ಎರಡೂ ಕಿವಿ ಎಂದು ಬರೆದು ಸಹಿ ಹಾಕಿದರು. ಜೊತೆಗಾರನದು ಎರಡೂ ಮಂಡಿ. ಇಷ್ಟು ಬೇಗ, ಇಷ್ಟು ಒಳ್ಳೆಯ ಮನಸ್ಸಿನಿಂದ ಸುಳ್ಳೂ ನಿಜವೂ ಒಂದೇ ಸಾಲಿನಲ್ಲಿ ಸೇರಿದ್ದನ್ನು ನಾನು ನನ್ನ ಕಸುಬಿನಲ್ಲಿ ಕಂಡಿರಲಿಲ್ಲ. ಅಪ್ಪ ಅವರಿಗೆ ಸೆಲ್ಯೂಟು ಮಾಡಿದ. ಕೆಳಗೆ ಬಂದು ಮಂಟಪದ ಕಂಬದ ಮರೆಯಲ್ಲಿ ನಿಂತು ಕರ್ಚೀಫಿನಿಂದ ಮುಖ ಒರೆಸಿಕೊಂಡ. ಒರೆಸಿಕೊಳ್ಳುವುದು ಬೇಗ ಮುಗಿಯಲಿಲ್ಲ.

ಆ ದಿನದಿಂದ ನನಗೂ ಒಂದು ಕೆಲಸ ಹೆಚ್ಚಾಯಿತು. ಮಂಟಪದಲ್ಲಿ ಕೈ ಎತ್ತಿದ್ದವರ ಪೈಕಿ ಇಬ್ಬರು ತಮ್ಮ ಪುಸ್ತಕವನ್ನೂ ನೋಡಮ್ಮಾ ಎಂದು ಅಂಗಡಿಗೆ ಹುಡುಕಿಕೊಂಡು ಬಂದರು. ಈಗ ಶನಿವಾರ ಮಧ್ಯಾಹ್ನ ಯಾರಾದರೊಬ್ಬರು ಬಂದೇ ಬರುತ್ತಾರೆ. ಒಬ್ಬರ ಹೆಂಡತಿಯ ಹೆಸರು ದಾಖಲೆಯಲ್ಲಿ ಸೇರಿಯೇ ಇಲ್ಲ, ಮತ್ತೊಬ್ಬರು ದಾಖಲೆಯಲ್ಲಿ ಮಗನಿಗಿಂತ ಕಿರಿಯರು. ನಾನು ಟೈಪು ಮಾಡುತ್ತೇನೆ. ಕೆಲವು ಸರಿಯಾಗುತ್ತವೆ, ಕೆಲವಕ್ಕೆ ಉತ್ತರವೇ ಬರುವುದಿಲ್ಲ.

ಅಪ್ಪನಿಗೆ ಎಡಗಿವಿಗೂ ಮಿಷನ್ನು ಬಂತು. ಆ ಕಿವಿಯ ನರ ಯಾವತ್ತೋ ಸತ್ತುಹೋಗಿದೆ, ಇನ್ನು ಏನು ಹಾಕಿದರೂ ಅಷ್ಟೇ ಎಂದು ಕಿವಿ ಡಾಕ್ಟರು ಮೊದಲೇ ಹೇಳಿದ್ದರು. ಹಾಕಿಕೊಂಡರೆ ದೂರದಲ್ಲಿ ಎಲ್ಲೋ ಹಿಟ್ಟಿನ ಗಿರಣಿ ನಡೆದಂತೆ ಬರೀ ಗುಯ್ ಎನ್ನುತ್ತದಂತೆ. ಆದರೂ ಹಾಸನಕ್ಕೆ ಹೋಗುವಾಗ ಎರಡನ್ನೂ ಹಾಕಿಕೊಳ್ಳುತ್ತಾನೆ. ಕೊಟ್ಟದ್ದನ್ನು ಧರಿಸದೆ ಹಾಜರಾಗುವುದು ಅವನಿಗೆ ಸರಿಬರುವುದಿಲ್ಲ.

ಹೋದ ತಿಂಗಳು ಬಿಪಿ ಮಾತ್ರೆಗೆಂದು ಕ್ಲಿನಿಕ್ಕಿಗೆ ಹೋಗಿದ್ದೆವು. ಕಂಪ್ಯೂಟರಿನಲ್ಲಿ ಈಗ ಅಪ್ಪನಿಗೆ ಎರಡೂ ಕಿವಿ ಕೇಳುವುದಿಲ್ಲ. ಅಂಥವರೊಡನೆ ಬರೆದು ತೋರಿಸಿಯೇ ವ್ಯವಹರಿಸಬೇಕೆಂದು ಕೌಂಟರಿನ ಗಾಜಿಗೆ ಹೊಸದಾಗಿ ಒಂದು ಸೂಚನೆ ಅಂಟಿಸಿದ್ದರು. ಸುಬೇದಾರರು ಅಪ್ಪನನ್ನು ನೋಡಿ ನಕ್ಕರು, ಅಪ್ಪನೂ ನಮಸ್ಕಾರ ಸಾ ಎಂದ. ಅವರು ಉತ್ತರ ಕೊಡದೆ ಒಂದು ನೋಟ್‌ಬುಕ್ ತೆಗೆದು, ದುಂಡನೆಯ ಅಕ್ಷರದಲ್ಲಿ, ಹಳೆಯ ಮಾತ್ರೆ ಇನ್ನೂ ಎಷ್ಟು ಉಳಿದಿವೆ ಎಂದು ಬರೆದು ಅಪ್ಪನ ಕಡೆ ತಿರುಗಿಸಿದರು. ಅಪ್ಪ ನಾಲ್ಕು ದಿನಕ್ಕಾಗುತ್ತವೆ ಎಂದು ಬಾಯಲ್ಲಿ ಹೇಳಿದ. ಅವರು ಪೆನ್ನನ್ನು ಅವನತ್ತ ಚಾಚಿದರು. ಅಪ್ಪ ಕನ್ನಡಕ ಹಾಕಿಕೊಂಡು, ನಾಲ್ಕು ದಿನಕ್ಕಾಗುತ್ತವೆ ಎಂದು ಬರೆದ. ಮನೆಯವರು ಹೇಗಿದ್ದಾರೆ ಎಂದು ಅವರು ಬರೆದರು. ಚೆನ್ನಾಗಿದ್ದಾರೆ, ಈ ಸಲ ಅವರೆ ಚೆನ್ನಾಗಿ ಬಂದಿದೆ, ಮುಂದಿನ ಸಲ ತರುತ್ತೇನೆ ಎಂದು ಅಪ್ಪ ಬರೆದ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗತೊಡಗಿದರು. ನಾನು ನಗು ತಡೆಯಲಾರದೆ ಸದ್ದು ಮಾಡಿದಾಗ ಸುಬೇದಾರರು ತಲೆಯೆತ್ತದೆ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಹಾಳೆ ತಿರುವಿದರು.